ಮೂರು ದಾರಿಯ ನೆಟ್, ಒಂದು ಶೆಲ್ ಸ್ಕ್ರಿಪ್ಟ್

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಬೆಂಗಳೂರಿನ ಕೆಲಸವನ್ನು ನಾನು ಇಲ್ಲಿಂದಲೇ ಮಾಡುತ್ತೇನೆ. ಮನೆಗೆ ಫೈಬರ್ ಬಂದಿದೆ. ಅದು ಹೋದರೆ ಇರಲಿ ಅಂತ ಒಂದು 4ಜಿ ಡಾಂಗಲ್ ಇದೆ. ಅದೂ ಕೈಕೊಟ್ಟರೆ ಫೋನಿನ ಹಾಟ್‌ಸ್ಪಾಟ್. ಮೂರೂ ಒಂದೇ ಹಳೇ ಲಿನಕ್ಸ್ ಕಂಪ್ಯೂಟರಿಗೆ ಬಂದು ಸೇರುತ್ತವೆ. ಯಾವ ದಾರಿ ಓಡುತ್ತಿದೆ ಅಂತ ನೋಡಲು ಅದರಲ್ಲಿ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್, ಇಟ್ಟಿದ್ದೇನೆ. ಫೈಬರ್ ಪೆಟ್ಟಿಗೆ ಇರುವುದು ಮನೆಯ ಜಗಲಿಯಲ್ಲಿ. ನನ್ನ ಕೋಣೆ ಅಂಗಳದ ಆಚೆ, ಅಡಿಕೆ ತುಂಬಿಡುವ ಕಟ್ಟಡದ ಮಾಳಿಗೆ ಮೇಲೆ. ನಡುವೆ 40 ಮೀಟರ್ ಲ್ಯಾನ್ ಕೇಬಲ್.

ಒಂದು ಮೇ ತಿಂಗಳ ಸಂಜೆ ಹತ್ತಿರದಲ್ಲೇ ಸಿಡಿಲು ಬಡಿಯಿತು. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಜಗಲಿಯಿಂದ ಮಾಳಿಗೆಗೆ ಎಳೆದದ್ದು ತಾಮ್ರ. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿದ್ದ ಲ್ಯಾನ್ ಪೋರ್ಟ್ ಸುಟ್ಟುಹೋಯಿತು. ಶಿವಮೊಗ್ಗದಿಂದ ಒಂದು ಹೊಸ ನೆಟ್‌ವರ್ಕ್ ಕಾರ್ಡ್ ತಂದು ಹಾಕಿದೆ. ಗೊಂದಲ ಶುರುವಾಗಿದ್ದೇ ಅಲ್ಲಿಂದ.

ಸುಟ್ಟ ಪೋರ್ಟಿನ ಹೆಸರು ಮೊದಲು ಇಎನ್‌ಪಿ3ಎಸ್0 ಅಂತ ಇತ್ತು. ಕಾರ್ಡ್ ಹಾಕಿದ ಮೇಲೆ ನೋಡಿದರೆ ಅದು ಇಎನ್‌ಪಿ4ಎಸ್0 ಆಗಿದೆ. ಹಳೇ ಹೆಸರು ಹೊಸ ಕಾರ್ಡಿಗೆ ಹೋಗಿದೆ! ಲಿನಕ್ಸಿನಲ್ಲಿ ಮೊದಲು ಈಥ್0, ಈಥ್1 ಅಂತ ಹೆಸರಿರುತ್ತಿತ್ತು. ಯಾವ ಕಾರ್ಡ್ ಮೊದಲು ಸಿಕ್ಕಿತೋ ಅದಕ್ಕೆ ಸೊನ್ನೆ. ಇದನ್ನು ತಪ್ಪಿಸಲು 2013ರಲ್ಲಿ ಸಿಸ್ಟಮ್‌ಡಿ (ಲಿನಕ್ಸ್ ಶುರುವಾಗುವಾಗ ಉಳಿದದ್ದನ್ನೆಲ್ಲ ಎಬ್ಬಿಸುವ ತಂತ್ರಾಂಶ) ಬೇರೆ ಪದ್ಧತಿ ತಂದಿತು. ಕಾರ್ಡ್ ಕೂತ ಜಾಗದಿಂದ ಹೆಸರು ಕಟ್ಟುವುದು ಆ ಪದ್ಧತಿ. ಇಎನ್ ಅಂದರೆ ಈಥರ್ನೆಟ್, ಪಿ3 ಅಂದರೆ ಪಿಸಿಐ ಬಸ್ 3 (ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ದಾರಿಯ ಸಂಖ್ಯೆ). ಆದರೆ ಇನ್ನೊಂದು ಕಾರ್ಡ್ ನಡುವೆ ಬಂದು ಕೂತರೆ ಬಸ್ಸಿನ ಸಂಖ್ಯೆಯೇ ಜರುಗಬಹುದು. ನನಗೆ ಆಗಿದ್ದು ಅದೇ.

ಹಾಗಾಗಿ ಹೆಸರು ನಂಬುವುದನ್ನು ಬಿಟ್ಟೆ. ಸ್ಕ್ರಿಪ್ಟಿನ ತಲೆಯಲ್ಲಿ ಮ್ಯಾಕ್ ವಿಳಾಸಗಳನ್ನು (ಪ್ರತಿ ಕಾರ್ಡಿಗೂ ಇರುವ ಅದರದೇ ಗುರುತಿನ ಸಂಖ್ಯೆ) ಬರೆದು, ಅವುಗಳ ಎದುರು ನನ್ನದೇ ಹೆಸರು ಕೊಟ್ಟೆ: ಫೈಬರ್, ಡಾಂಗಲ್. ಸಿಸ್ ಡೈರೆಕ್ಟರಿಯ ಒಳಗೆ ಕ್ಲಾಸ್, ಅದರೊಳಗೆ ನೆಟ್ ಅಂತ ಇದೆ. ಅಲ್ಲಿ ಪ್ರತಿ ಇಂಟರ್ಫೇಸಿಗೂ, ಅಂದರೆ ನೆಟ್ ಬಂದು ಹೋಗುವ ಪ್ರತಿ ಬಾಗಿಲಿಗೂ, ಒಂದು ಫೋಲ್ಡರ್. ಒಂದು ಫಾರ್ ಲೂಪ್ ಅವನ್ನೆಲ್ಲ ಸುತ್ತಿ, ಅಡ್ರೆಸ್ ಎಂಬ ಫೈಲ್ ಓದಿ, ನನ್ನ ಪಟ್ಟಿಗೆ ಹೋಲಿಸುತ್ತದೆ. ಫೋಲ್ಡರಿನಲ್ಲಿ ಡಿವೈಸ್ ಎಂಬ ಕೊಂಡಿ ಇಲ್ಲದಿದ್ದರೆ ಬಿಟ್ಟು ಮುಂದೆ ಹೋಗುತ್ತದೆ. ಲೂಪ್‌ಬ್ಯಾಕ್, ಬ್ರಿಡ್ಜ್ ಇಂಥ ಕಾರ್ಡೇ ಇಲ್ಲದ ಇಂಟರ್ಫೇಸುಗಳೆಲ್ಲ ಹೀಗೆ ತಾನಾಗಿ ಸೋಸಿಹೋಗುತ್ತವೆ. ವೈಫೈಗೆ ಮಾತ್ರ ಮ್ಯಾಕ್ ನೆಚ್ಚಿಕೊಳ್ಳಬೇಡಿ. ಸುತ್ತಲಿನ ಸಿಗ್ನಲ್ ಹುಡುಕುವಾಗ ನೆಟ್‌ವರ್ಕ್ ಮ್ಯಾನೇಜರ್ ಸುಳ್ಳು ಮ್ಯಾಕ್ ತೋರಿಸುತ್ತದೆ. ವೈರ್‌ಲೆಸ್ ಎಂಬ ಫೋಲ್ಡರ್ ಇದೆಯಾ ಅಂತ ನೋಡಿ ವೈಫೈ ಗುರುತಿಸುವುದು ಸುಲಭ. ಎರಡು ಪೋರ್ಟಿನಲ್ಲಿ ಯಾವುದು ಯಾವುದು ಅಂತ ಕಣ್ಣಿಗೇ ಕಾಣಬೇಕಾದರೆ ಈಥ್‌ಟೂಲ್ ಎಂಬ ಕಮಾಂಡಿಗೆ ಸಣ್ಣ ಪಿ ಆಯ್ಕೆ ಕೊಟ್ಟರೆ ಆ ಪೋರ್ಟಿನ ದೀಪ ಮಿನುಗುತ್ತದೆ. ಎಲ್ಲ ಕಾರ್ಡ್‌ಗಳೂ ಇದಕ್ಕೆ ಒಪ್ಪುವುದಿಲ್ಲ, ನನ್ನ ಹೊಸದು ಒಪ್ಪಿತು.

ಇನ್ನು ಪರೀಕ್ಷೆ. ಕೇಬಲ್ ಸಿಕ್ಕಿಸಿದೆಯಾ ಅಂತ ಹೇಳುವುದು ಕ್ಯಾರಿಯರ್ ಎಂಬ ಫೈಲು, 1 ಅಥವಾ 0. ಇಂಟರ್ಫೇಸನ್ನು ಮೊದಲು ಅಪ್ (ಚಾಲೂ) ಮಾಡದೆ ಅದನ್ನು ಓದಲು ಹೋದರೆ ಎರರ್ ಬರುತ್ತದೆ. ಅಪ್ ಮಾಡಿದ ತಕ್ಷಣ ಓದಿದರೂ 0 ಬರುತ್ತದೆ. ಎರಡೂ ತುದಿ ವೇಗದ ಬಗ್ಗೆ ಮಾತಾಡಿಕೊಳ್ಳಲು ಕೆಲವು ಸೆಕೆಂಡ್ ಬೇಕು. ನಾನು 5 ಸೆಕೆಂಡ್ ಸ್ಲೀಪ್ ಇಟ್ಟಿದ್ದೇನೆ. ಆಪರ್‌ಸ್ಟೇಟ್ ಎಂಬ ಇನ್ನೊಂದು ಫೈಲ್ ಇದೆ. ಅದರಲ್ಲಿ ಅಪ್ ಅಂತ ಇದ್ದರೆ ಮಾತ್ರ ಸರಿ ಅಂದುಕೊಂಡಿದ್ದೆ. ನನ್ನ ಡಾಂಗಲ್ ಚೆನ್ನಾಗಿ ಓಡುತ್ತಿದ್ದಾಗಲೂ ಅಲ್ಲಿ ಅನ್‌ನೋನ್ ಅಂತಲೇ ಇರುತ್ತದೆ. ಅದನ್ನೂ ಒಪ್ಪಿಕೊಳ್ಳುವಂತೆ ತಿದ್ದಿದೆ.

ನಿಜವಾಗಿ ಪೆಟ್ಟು ಕೊಟ್ಟಿದ್ದು ಪಿಂಗ್, ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್. ಮೊದಲ ಸ್ಕ್ರಿಪ್ಟಿನಲ್ಲಿ ಪ್ರತಿ ಇಂಟರ್ಫೇಸಿಗೂ ಒಂದು ಸಾಲು: ಗೂಗಲ್‌ನ ವಿಳಾಸ 8.8.8.8ಕ್ಕೆ ಮೂರು ಪಿಂಗ್, ಉತ್ತರ ಬಂದರೆ ಸರಿ. ವಾರಗಟ್ಟಲೆ ಮೂರೂ ದಾರಿ ಸರಿ ಅಂತ ಬರುತ್ತಿತ್ತು. ನಾನು ನೆಮ್ಮದಿಯಾಗಿದ್ದೆ. ಒಂದು ದಿನ ಮರ ಬಿದ್ದು ಫೈಬರ್ ತುಂಡಾಯಿತು. ಡಾಂಗಲ್ ಇದೆಯಲ್ಲ ಅಂತ ನೋಡಿದರೆ, ಅದರ ಸಿಮ್ಮಿನ ಪ್ಯಾಕ್ ಮುಗಿದು ಎಷ್ಟೋ ದಿನ ಆಗಿತ್ತು! ಮೀಟಿಂಗ್ ತಪ್ಪಿತು. ಸ್ಕ್ರಿಪ್ಟ್ ನೋಡುತ್ತಾ ಕೂತಾಗ ತಪ್ಪು ಕಂಡಿತು. ಪಿಂಗಿಗೆ ದಾರಿ ಹೇಳದಿದ್ದರೆ ಲಿನಕ್ಸಿನ ತಿರುಳಾದ ಕರ್ನಲ್ ತನಗೆ ಬೇಕಾದ ದಾರಿಯಲ್ಲೇ ಕಳಿಸುತ್ತದೆ. ಯಾವ ಡೀಫಾಲ್ಟ್ ರೂಟಿನ (ಹೊರಗೆ ಹೋಗುವ ದಾರಿಯ) ಮೆಟ್ರಿಕ್, ಅಂದರೆ ಆದ್ಯತೆಯ ಸಂಖ್ಯೆ, ಕಡಿಮೆಯೋ ಅದೇ ಅದರ ಆಯ್ಕೆ. ಅಂದರೆ ಡಾಂಗಲ್ ಪರೀಕ್ಷೆ ಅಂತ ನಾನು ಬರೆದಿದ್ದ ಸಾಲು ಅಷ್ಟು ದಿನವೂ ಫೈಬರಿನಲ್ಲೇ ಹೋಗಿ ಬಂದಿತ್ತು.

ಪಿಂಗಿಗೆ ದೊಡ್ಡ ಐ ಆಯ್ಕೆ ಕೊಟ್ಟು, ಅದರ ಮುಂದೆ ಇಂಟರ್ಫೇಸಿನ ಹೆಸರು ಬರೆಯಬೇಕು. ಆಗ ಮಾತ್ರ ಅದು ಆ ಬಾಗಿಲಿನಿಂದಲೇ ಹೊರಡುತ್ತದೆ. ಇದೊಂದು ಅಕ್ಷರ ನಿಮ್ಮ ಸ್ಕ್ರಿಪ್ಟಿನಲ್ಲಿ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಈಗ ನಾನು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತೇನೆ. ಐಪಿ ರೂಟ್ ಕಮಾಂಡಿನಿಂದ ಆ ಇಂಟರ್ಫೇಸಿನ ಗೇಟ್‌ವೇ (ಹೊರಗೆ ಹೋಗುವಾಗ ಮೊದಲು ಸಿಗುವ ಪೆಟ್ಟಿಗೆ) ವಿಳಾಸ ತೆಗೆದುಕೊಂಡು ಮೊದಲು ಅದಕ್ಕೆ ಪಿಂಗ್, ಆಮೇಲೆ ಹೊರಗಿನ ವಿಳಾಸಕ್ಕೆ. ಪಿಂಗ್ ಮುಗಿದಾಗಿನ ಎಕ್ಸಿಟ್ ಕೋಡ್ 0 ಆದರೆ ಉತ್ತರ ಬಂದಿದೆ, 1 ಆದರೆ ಬಂದಿಲ್ಲ, 2 ಆದರೆ ಬೇರೇನೋ ತೊಂದರೆ. ಡಾಂಗಲ್ ತನಕ ಉತ್ತರ ಇದ್ದು ಹೊರಗೆ ಇಲ್ಲದಿದ್ದರೆ, ಒಂದೋ ಸಿಗ್ನಲ್ ಇಲ್ಲ, ಇಲ್ಲವೇ ರೀಚಾರ್ಜ್ ಆಗಿಲ್ಲ.

ಪುನರ್ವಸು ಮಳೆ ಹಿಡಿದಾಗ ಹೊಸ ಕಾಟ ಶುರುವಾಯಿತು. ನೆಟ್ ಹೋಗುತ್ತಿರಲಿಲ್ಲ, ಆದರೆ ತಡವರಿಸುತ್ತಿತ್ತು. ಫೈಬರಿನವರಿಗೆ ಎರಡು ಸಲ ಫೋನ್ ಮಾಡಿದೆ. ಅಪ್ಪಯ್ಯ ಮಾತ್ರ, "ಮಳೆ ಜೋರಾದಾಗೆಲ್ಲ ಹೀಗಾಗ್ತದಲ್ಲ ಮಗಾ, ನಮ್ಮ ವೈರೇ ನೀರು ಕುಡೀತಿರಬೇಕು" ಅಂದರು. ಸ್ಕ್ರಿಪ್ಟನ್ನು ಹೊತ್ತುಹೊತ್ತಿಗೆ ತಾನಾಗಿ ಓಡಿಸುವ ಕ್ರಾನ್‌ಗೆ ಹಾಕಿ, 5 ನಿಮಿಷಕ್ಕೊಮ್ಮೆ ಮೂರು ಸಂಖ್ಯೆ ಬರೆದಿಡುವಂತೆ ಮಾಡಿದೆ: ಸ್ಪೀಡ್, ಲಿಂಕ್ ಎಷ್ಟು ಸಲ ಬಿದ್ದೆದ್ದಿದೆ ಎಂಬ ಲೆಕ್ಕ, ಮತ್ತೆ ಸಿಆರ್‌ಸಿ ಎರರ್, ಅಂದರೆ ದಾರಿಯಲ್ಲಿ ಕೆಟ್ಟು ಬಂದ ಡೇಟಾದ ಲೆಕ್ಕ.

ಎರಡೇ ದಿನದಲ್ಲಿ ಗೊತ್ತಾಯಿತು. ಒಣಗಿದ ಹೊತ್ತಿನಲ್ಲಿ ಸ್ಪೀಡ್ 1000 ಎಂಬಿಪಿಎಸ್, ಅಂದರೆ ಒಂದು ಗಿಗಾಬಿಟ್. ಮಳೆ ಜೋರಾಗಿ ಅರ್ಧ ಗಂಟೆಗೆ ಸಿಆರ್‌ಸಿ ಎರರ್ ಏರುತ್ತದೆ, ಲಿಂಕ್ ಬಿದ್ದು ಏಳುತ್ತದೆ, ಆಮೇಲೆ ಸ್ಪೀಡ್ 100ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಗಿಗಾಬಿಟ್ಟಿಗೆ ಕೇಬಲಿನ ನಾಲ್ಕೂ ಜೋಡಿ ತಂತಿ ಬೇಕು. 100ಕ್ಕೆ ಎರಡು ಜೋಡಿ ಸಾಕು. ಎಲ್ಲೋ ಒಂದು ಜೋಡಿ ಹಾಳಾಗಿದೆ ಅಂತಲೇ ಅದರ ಅರ್ಥ. ತಪ್ಪು ಫೈಬರಿನವರದ್ದಲ್ಲ, ನಮ್ಮ ಅಂಗಳದ್ದು. ಅವರಿಗೆ ಮತ್ತೆ ಫೋನ್ ಮಾಡಿ ಹಾಗಂತ ಹೇಳಿದೆ.

ಮಳೆ ಬಿಟ್ಟ ಹೊತ್ತು ನೋಡಿ ಅಪ್ಪಯ್ಯನೂ ನಾನೂ ಏಣಿ ಹಾಕಿ ಹತ್ತಿದೆವು. ಮಾಳಿಗೆಯ ಹಂಚಿನ ಅಂಚಿನಲ್ಲಿ ಕೇಬಲಿನ ಸಿಪ್ಪೆಯನ್ನು ಇಲಿ ಕಡಿದಿತ್ತು. ಹಂಚಿನ ನೀರು ಸರಿಯಾಗಿ ಅದರ ಮೇಲೇ ಸುರಿಯುತ್ತಿತ್ತು. ಒಳಗೆ ತಾಮ್ರ ಹಸಿರು ಹಿಡಿದಿತ್ತು. ಹೊರಗೆ ಎಳೆಯುವಂಥ ದಪ್ಪ ಸಿಪ್ಪೆಯ ಕೇಬಲ್ ತಂದು, ಪಿವಿಸಿ ಪೈಪಿನೊಳಗೆ ಹಾಯಿಸಿದೆವು. ಪುಷ್ಯ ಮಳೆ ಮುಗಿಯುವವರೆಗೂ ಸ್ಪೀಡ್ 1000 ಬಿಟ್ಟು ಕದಲಲಿಲ್ಲ.

ಗುಡುಗು ಕೇಳಿದರೆ ಅಪ್ಪಯ್ಯ ಈಗ ಜಗಲಿಯಲ್ಲೇ ಲ್ಯಾನ್ ಕೇಬಲ್ ಕಿತ್ತಿಡುತ್ತಾರೆ, ನಾನು ಮಾಳಿಗೆ ತುದಿ ಕಿತ್ತಿಡುತ್ತೇನೆ. ಆಗೆಲ್ಲ ಸ್ಕ್ರಿಪ್ಟ್ ಕ್ಯಾರಿಯರ್ 0 ಅಂತ ಬರೆಯುತ್ತಿತ್ತು, ಕೇಬಲ್ ಹಾಳಾಗಿದ್ದಕ್ಕೂ ಕಿತ್ತಿಟ್ಟಿದ್ದಕ್ಕೂ ವ್ಯತ್ಯಾಸ ಇರಲಿಲ್ಲ. ಅದಕ್ಕೆ ಗುರುತಾಗಿ ಗುಡುಗು ಅಂತ ಒಂದು ಖಾಲಿ ಫೈಲ್ ಬಳಸುತ್ತೇನೆ. ಕೇಬಲ್ ಕೀಳುವ ಮೊದಲು ಟಚ್ ಕಮಾಂಡಿನಿಂದ ಅದನ್ನು ಹುಟ್ಟಿಸುತ್ತೇನೆ. ಆ ಫೈಲ್ ಇರುವ ತನಕ ಸ್ಕ್ರಿಪ್ಟ್ ಫೈಬರ್ ಪರೀಕ್ಷೆ ಬಿಟ್ಟು ಡಾಂಗಲ್ ಒಂದನ್ನೇ ನೋಡುತ್ತದೆ.