ನೆಟ್ ತೆವಳುತ್ತಿದೆಯೇ? ಮೊದಲು ಕೇಬಲ್ಲಿನ ತುದಿ ನೋಡಿ

ಮಳೆಗಾಲ ಕಾಲಿಟ್ಟರೆ ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳಲ್ಲಿ ನೆಟ್ ನಿಧಾನವೆಂಬ ದೂರು ಶುರು. ಮಾಲೀಕರು ರೂಟರ್ ಬದಲಿಸುತ್ತಾರೆ, ದುಬಾರಿ ಪ್ಲಾನ್ ಹಾಕಿಸುತ್ತಾರೆ. ದೋಷ ಮಾತ್ರ ಗೋಡೆಯಾಚೆಯ ಕೇಬಲ್ಲಿನ ತುದಿಯಲ್ಲಿ ಹಾಗೆಯೇ ಕೂತಿರುತ್ತದೆ.

ಮೊದಲು ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ವೇಗ ನೋಡಿ. 1000 Mbps (ಅಂದರೆ ಗಿಗಾಬಿಟ್) ಇರಬೇಕಾದಲ್ಲಿ 100 ಎಂದಿದ್ದರೆ ಯಾವುದೋ ತಂತಿ ಕೈಕೊಟ್ಟಿರುವ ಸಾಧ್ಯತೆ ಹೆಚ್ಚು. ಕೇಬಲ್ಲಿನೊಳಗೆ ಎರಡೆರಡಾಗಿ ಹೊಸೆದ ಎಂಟು ತಂತಿಗಳಿರುತ್ತವೆ. ಗಿಗಾಬಿಟ್‌ಗೆ ಆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಜೋಡಿ ಸಾಕು.

ಬೇರೆ ಪೋರ್ಟ್, ಬೇರೆ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರುವ ಗಿಡ್ಡ ಕೇಬಲ್) ಹಾಕಿ ನೋಡಿ. ಸರಿಹೋದರೆ ಕೆಲಸ ಮುಗಿಯಿತು.

ಇಲ್ಲವಾದರೆ ಕೇಬಲ್ ತುದಿಯ ಕನೆಕ್ಟರ್ ಕತ್ತರಿಸಿ, ಹೊಸದನ್ನು ಕ್ರಿಂಪ್ ಮಾಡಿ, ಅಂದರೆ ಇಕ್ಕಳದಂಥ ಉಪಕರಣದಿಂದ ಒತ್ತಿ ಕೂರಿಸಿ. ಹೆಚ್ಚಿನವರು ಕೆಡಿಸುವುದು ಇಲ್ಲೇ. ತಾಮ್ರ ಹಸಿರುಗಟ್ಟಿದ್ದರೆ ಹೊಳೆಯುವ ತಂತಿ ಸಿಗುವವರೆಗೂ ಕತ್ತರಿಸಿ, ಜಿಪುಣತನ ಬೇಡ. 1ರಿಂದ 8ನೇ ಪಿನ್‌ವರೆಗೆ ತಂತಿಗಳ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೋಡಲು ಚಂದವೆಂದು ಹಸಿರು ಜೋಡಿಯನ್ನು ಒಟ್ಟಿಗೆ, ನೀಲಿಯನ್ನು ಒಟ್ಟಿಗೆ ಕೂರಿಸುವವರಿದ್ದಾರೆ. ಎರಡೂ ತುದಿಯಲ್ಲಿ ಹಾಗೆಯೇ ಮಾಡಿದರೆ ಅಗ್ಗದ ಟೆಸ್ಟರ್‌ನಲ್ಲಿ 1ರಿಂದ 8ರವರೆಗೆ ದೀಪ ಸರಿಯಾಗಿಯೇ ಉರಿಯುತ್ತದೆ. ಆದರೆ 3 ಮತ್ತು 6ನೇ ಪಿನ್‌ಗಳಿಗೆ ಒಂದೇ ಜೋಡಿಯ ತಂತಿಗಳು ಹೋಗಬೇಕು. ಒಟ್ಟಿಗೆ ಹೊಸೆದ ತಂತಿಗಳೆರಡೂ ಹೊರಗಿನ ವಿದ್ಯುತ್ ಗದ್ದಲವನ್ನು ಸಮನಾಗಿ ಹೀರಿದರೆ ಮಾತ್ರ ಅದು ಕೊನೆಯಲ್ಲಿ ಕಳೆದುಹೋಗುತ್ತದೆ. ಜೋಡಿ ಮುರಿದರೆ ಪಕ್ಕದ ತಂತಿಯ ಸಿಗ್ನಲ್ ಇದಕ್ಕೆ ನುಗ್ಗುತ್ತದೆ. ಆದ್ದರಿಂದ ಆ ದೀಪಗಳನ್ನೇ ನಂಬಬೇಡಿ. ಹೊಸೆತವನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬೇಡಿ. ಹೊರಕವಚ ಕನೆಕ್ಟರಿನೊಳಗೆ ಹೋಗಿ, ಅದರ ಕ್ಲಿಪ್ ಕವಚವನ್ನೇ ಕಚ್ಚಬೇಕು. ತಂತಿಗಳನ್ನಷ್ಟೇ ಕಚ್ಚಿದರೆ ಒಮ್ಮೆ ಎಳೆದಾಗ ಸಡಿಲವಾಗುತ್ತದೆ.

ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಎಷ್ಟೇ ಅಗ್ಗವಾದರೂ ಅದನ್ನು ಕೊಳ್ಳಬೇಡಿ. ಇನ್ಸುಲೇಷನ್ ಟೇಪು ಸುತ್ತಿ ನಡುವೆ ಜೋಡಿಸುವ ಉಪಾಯವೂ ಬೇಡ, ಒಂದು ಮಳೆಗೇ ಅದರ ಬಣ್ಣ ಬಯಲಾಗುತ್ತದೆ.

ತಾಮ್ರದ ಕೇಬಲ್ಲಿನ ಮಿತಿ 100 ಮೀಟರ್. ತೋಟದ ಬಂಗಲೆಯಿಂದ ದೂರದ ಕೋಣೆಗೆ ಫೈಬರ್ ಎಳೆಯಿರಿ. ಲೋಹವಿಲ್ಲದ ಫೈಬರ್ ಆರಿಸಿಕೊಂಡರೆ ಸಿಡಿಲು ಆ ದಾರಿಯಲ್ಲಿ ಉಪಕರಣದವರೆಗೆ ಬರುವುದೂ ತಪ್ಪುತ್ತದೆ. ಹೊರಗಿನ ಕೇಬಲ್ ಗೋಡೆ ಹೊಗುವ ಮುನ್ನ ಕೆಳಕ್ಕೆ ಬಾಗಿರಲಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಕೊನೆಗೆ ನೆಟ್‌ವರ್ಕ್ ಸ್ವಿಚ್‌ನಲ್ಲಿ (ಹಲವು ಕೇಬಲ್‌ಗಳನ್ನು ಒಂದೆಡೆ ಸೇರಿಸುವ ಪೆಟ್ಟಿಗೆ) ಸಿಆರ್‌ಸಿ ದೋಷದ, ಅಂದರೆ ದಾರಿಯಲ್ಲಿ ಕೆಟ್ಟುಹೋದ ಡೇಟಾ ತುಣುಕುಗಳ, ಎಣಿಕೆ ತೋರಿಸುವ ಸೌಲಭ್ಯವಿದ್ದರೆ ಅದನ್ನು ಸೊನ್ನೆ ಮಾಡಿ, ದೊಡ್ಡ ಫೈಲೊಂದನ್ನು ಕಳುಹಿಸಿ ನೋಡಿ. ಎಣಿಕೆ ಏರುತ್ತಿದ್ದರೆ ಇನ್ನೊಂದು ತುದಿಯನ್ನೂ ಕತ್ತರಿಸಿ.