ಪ್ರಾಣ ಕೊಡುವ ನಾಯಕನಿಗೆ ಕಾರಣ ಸಿಕ್ಕಿದ್ದು ಹೇಗೆ: ನನ್ನ ಅನುಭವ

ನಾಯಕ ಯಾರಿಗಾಗಿ ಸಾಯುತ್ತಾನೆ ಅಂತ ಯೋಚಿಸುತ್ತಾ ಕೂತರೆ ಕಥೆ ಮುಂದೆ ಹೋಗುವುದಿಲ್ಲ. ಓಡಿಹೋಗಿ ಬದುಕಿದರೆ ಆಮೇಲೆ ಅವನಿಗೆ ಯಾವುದನ್ನು ತಡೆದುಕೊಳ್ಳಲು ಆಗುವುದಿಲ್ಲ ಅಂತ ಕೇಳಬೇಕು. ನಾನು ಇದನ್ನು ಹೇಳಿದಾಗ ಜೊತೆಗೆ ಬರೆಯುವ ಗೆಳೆಯರು ಒಬ್ಬರೂ ಒಪ್ಪಲಿಲ್ಲ. ‘ಹಾಗಾದರೆ ಅವನು ಸ್ವಾರ್ಥಿ ಆದನಲ್ಲ, ಓದುವವರ ಕಣ್ಣಲ್ಲಿ ನೀರು ಬರಲ್ಲ’ ಅಂದರು. ಈಗ ಕಾದಂಬರಿ ಅಚ್ಚಾಗಿದೆ. ಓದಿದವರು ಜಾಸ್ತಿ ಮಾತಾಡುತ್ತಿರುವುದೇ ಆ ಕೊನೆಯ ಅಧ್ಯಾಯದ ಬಗ್ಗೆ.

ಕಥೆ ಇಷ್ಟೇ. ಅಣೆಕಟ್ಟಿನ ಗೇಟ್ ಆಪರೇಟರ್ ಒಬ್ಬ. ರಾತ್ರಿ ನೀರು ಏರುತ್ತದೆ, ಕರೆಂಟ್ ಹೋಗುತ್ತದೆ, ಕೈಯಲ್ಲೇ ಚಕ್ರ ತಿರುಗಿಸಿ ಗೇಟು ಎತ್ತಬೇಕು. ಎತ್ತುವವನು ವಾಪಸ್ ಬರುವುದಿಲ್ಲ.

ಮೊದಲು ಕೆಳಗಿನ ಊರಿನಲ್ಲಿ ಅವನ ಮಗಳನ್ನು ಇಟ್ಟೆ. ಎಲ್ಲರಿಗೂ ಅರ್ಥ ಆಯಿತು, ಯಾರಿಗೂ ಏನೂ ಅನ್ನಿಸಲಿಲ್ಲ. ಮಗಳಿಗಾಗಿ ಯಾವ ಅಪ್ಪ ನಿಲ್ಲುವುದಿಲ್ಲ, ಅಲ್ವಾ? ಆಮೇಲೆ ಮಗಳನ್ನು ತೆಗೆದು ಊರನ್ನೇ ಕಾರಣ ಮಾಡಿದೆ. ಚಕ್ರ ತಿರುಗಿಸುತ್ತಾ ಅವನು ಅರ್ಧ ಪುಟ ಮಾತಾಡುತ್ತಿದ್ದ, ಓದಿದರೆ ಸಭೆಯ ಭಾಷಣದ ಹಾಗಿತ್ತು. ಮೂರನೇ ಕರಡಿನಲ್ಲಿ ಹೆಂಡತಿ ಸತ್ತು ಒಂಟಿಯಾದವನನ್ನು ಮಾಡಿದೆ. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಕಳೆದುಕೊಳ್ಳಲು ಏನೂ ಇಲ್ಲದವನು ಕೊಡುವುದಾದರೂ ಏನನ್ನು? ಅದು ತ್ಯಾಗ ಆಗುವುದಿಲ್ಲ, ಸುಸ್ತಾದವನು ಕೆಳಗೆ ಕೂತ ಹಾಗೆ ಆಗುತ್ತದೆ.

ಈ ಮೂರು ಕರಡುಗಳಿಗೆ ಸುಮಾರು ಎರಡು ವರ್ಷ ಹೋಯಿತು, ದುಡ್ಡೂ ಹೋಯಿತು. ಒಬ್ಬ ಸಂಪಾದಕರಿಗೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಕೊಟ್ಟೆ. ಅವರು ಕಾಗುಣಿತ ತಿದ್ದಿ, ‘ಮಗಳನ್ನು ವಾಪಸ್ ತನ್ನಿ’ ಅಂತ ಒಂದು ಸಾಲು ಬರೆದು ಕಳಿಸಿದರು. ಎರಡು ಸ್ಪರ್ಧೆಗಳ ಪ್ರವೇಶ ಶುಲ್ಕವೂ ನೀರಲ್ಲಿ ಹೋಮ.

ದಾರಿ ತೋರಿಸಿದ್ದು ಕರ್ಣ. ಇಂದ್ರ ಕವಚ ಕುಂಡಲ ಬೇಡಲು ಬರುತ್ತಾನೆ ಅಂತ ಸೂರ್ಯ ಮೊದಲೇ ಕನಸಿನಲ್ಲಿ ಬಂದು ಎಚ್ಚರಿಸುತ್ತಾನೆ. ಗೊತ್ತಿದ್ದೂ ಕರ್ಣ ಕೊಡುತ್ತಾನೆ. ಯಾಕೆ ಅಂದರೆ ಅವನೇ ಬಾಯಿಬಿಟ್ಟು ಹೇಳುತ್ತಾನೆ: ಪ್ರಾಣ ಹೋದರೂ ಸರಿ, ಕೀರ್ತಿ ಉಳಿಯಬೇಕು. ಕೊಡುವಾಗ ಬದಲಿಗೆ ಇಂದ್ರನ ಶಕ್ತ್ಯಾಯುಧವನ್ನೂ ಕೇಳಿ ಪಡೆಯುತ್ತಾನೆ. ಚೌಕಾಸಿ ಇದೆ, ಹೆಸರಿನ ಆಸೆ ಇದೆ, ಆದರೂ ದಾನಶೂರ ಅಂದರೆ ಇವತ್ತಿಗೂ ಅವನೇ. ಬೇಡಿ ಬಂದವನನ್ನು ಬರಿಗೈಲಿ ಕಳಿಸಿದ ಕರ್ಣನಾಗಿ ಬದುಕಲು ಅವನಿಗೆ ಆಗುವುದಿಲ್ಲ, ಅಷ್ಟೇ. ಕಾರಣದಲ್ಲಿ ತನಗೆ ಅಂತ ಒಂದು ಪಾಲು ಇರುವುದರಿಂದಲೇ ಅವನು ಮನುಷ್ಯ ಅನ್ನಿಸುತ್ತಾನೆ.

ನಾಲ್ಕನೇ ಕರಡಿನಲ್ಲಿ ನನ್ನ ಆಪರೇಟರ್‌ಗೆ ಒಂದು ರಿಜಿಸ್ಟರ್ ಕೊಟ್ಟೆ. ತುಂಬಾ ಹಿಂದೆ ಒಂದು ರಾತ್ರಿ ಅವನು ಅಳತೆ ಕಂಬದ ಹತ್ತಿರ ಹೋಗದೆ, ಹಿಂದಿನ ಗಂಟೆಯ ನೀರಿನ ಮಟ್ಟವನ್ನೇ ನಕಲು ಮಾಡಿ ಬರೆದಿದ್ದ. ಏನೂ ಆಗಲಿಲ್ಲ. ಯಾರಿಗೂ ಗೊತ್ತಾಗಲೂ ಇಲ್ಲ. ಅವತ್ತಿನಿಂದ ಪ್ರತಿ ಸಲ ಎರಡೆರಡು ಬಾರಿ ಟಾರ್ಚ್ ಬಿಟ್ಟು ನೋಡುತ್ತಾನೆ, ಬರೆದ ಅಂಕಿಯ ಮೇಲೆ ಬೆರಳಿಟ್ಟು ಒಮ್ಮೆ ಗಟ್ಟಿಯಾಗಿ ಓದುತ್ತಾನೆ. ಕೊನೆಯ ರಾತ್ರಿ ಸಹಾಯಕ ಹುಡುಗ ‘ಅಣ್ಣಾ, ಗೇಟು ಎತ್ತಿದೆ ಅಂತ ಬರೆದುಬಿಡಿ, ಹೋಗೋಣ’ ಅನ್ನುತ್ತಾನೆ. ಅವನು ಹೋಗುವುದಿಲ್ಲ. ಊರಿನ ಹೆಸರು ಆ ಅಧ್ಯಾಯದಲ್ಲಿ ಒಮ್ಮೆಯೂ ಬರುವುದಿಲ್ಲ. ಭಾಷಣ ಇಲ್ಲ. ಜೊತೆಗೆ ಅವನಿಗೆ ಬದುಕುವ ಆಸೆಯನ್ನೂ ಇಟ್ಟೆ: ಅರ್ಧ ಕಟ್ಟಿದ ಒಂದು ಕೋಣೆ, ಮುಂದಿನ ವಾರ ಬರಬೇಕಾದ ಛಾವಣಿಯ ಶೀಟುಗಳು. ಈ ಅಧ್ಯಾಯ ನಾನು ಬರೆದದ್ದರಲ್ಲೇ ಒಳ್ಳೆಯದು, ಅದನ್ನು ಹೇಳಲು ನನಗೆ ಸಂಕೋಚ ಇಲ್ಲ.

ಒಬ್ಬ ಗೆಳೆಯ ಡಿಕನ್ಸ್‌ನ ‘ಎ ಟೇಲ್ ಆಫ್ ಟು ಸಿಟೀಸ್’ ಕಾದಂಬರಿಯ ಸಿಡ್ನಿ ಕಾರ್ಟನ್‌ನನ್ನು ಎತ್ತಿಕೊಂಡು ಬಂದ. ತಾನು ಪ್ರೀತಿಸಿದ ಲೂಸಿಯ ಗಂಡನ ಬದಲಿಗೆ, ತಲೆ ಕಡಿಯುವ ಯಂತ್ರವಾದ ಗಿಲೊಟಿನ್‌ಗೆ ತಲೆ ಕೊಡುವವನು. 1859ರ ಪಾತ್ರ, ಕುಡುಕ ವಕೀಲ, ಕಳೆದುಕೊಳ್ಳಲು ಏನಿತ್ತು ಅವನಿಗೆ ಅಂತ. ಸರಿ, ಆದರೆ ಅವನು ಲೂಸಿಗೆ ಮಾತು ಕೊಡುವುದು ಗಿಲೊಟಿನ್ ಹತ್ತಿರ ಬರುವುದಕ್ಕೆ ಎಷ್ಟೋ ಮುಂಚೆ. ಅವಳ ನೆನಪಿನಲ್ಲಿ ಒಂದು ಜಾಗ ಬೇಕು ಅವನಿಗೆ. ಅಲ್ಲೂ ಅದೇ ಲೆಕ್ಕ.

ಇನ್ನೊಂದಿಷ್ಟು ಪ್ರಯೋಗ ಸುಮ್ನೆ ಮಾಡಿದೆ. ಅದೇ ಅಧ್ಯಾಯದಲ್ಲಿ ಅವನನ್ನು ಬದುಕಿಸಿ ಬರೆದು, ಏಳೆಂಟು ಜನರಿಗೆ ಓದಲು ಕೊಟ್ಟೆ. ಅವನು ಉಳಿದರೂ ಅವರಿಗೆ ಮೋಸ ಅನ್ನಿಸಲಿಲ್ಲ. ಮಗಳಿದ್ದ ಕರಡಿನಲ್ಲಿ ಹೀಗೇ ಬದುಕಿಸಿದಾಗ ಕಥೆ ಪೂರ್ತಿ ಸಪ್ಪೆಯಾಗಿತ್ತು. ಈಗ ಪ್ರತಿ ಕಥೆಗೂ ಇದನ್ನೇ ಮಾಡುತ್ತೇನೆ: ನಾಯಕನನ್ನು ಉಳಿಸಿ ನೋಡುವುದು. ಕಾರಣ ಗಟ್ಟಿ ಇದ್ದರೆ ಸಾವಿನ ಸಹಾಯ ಬೇಕಾಗುವುದಿಲ್ಲ. ಸಹಾಯಕ ಹುಡುಗನನ್ನು ತೆಗೆದು, ಯಾರೂ ನೋಡದ ಹಾಗೆ ಮಾಡಿಯೂ ಬರೆದೆ. ಅದೂ ನಿಂತಿತು, ಆದರೆ ಹುಡುಗನ ‘ಅಣ್ಣಾ’ ಬಿಡಲು ನನಗೆ ಮನಸ್ಸಾಗಲಿಲ್ಲ.

ಆ ಸುಳ್ಳು ಅಂಕಿಯ ವಿಷಯ ಓದುಗರಿಗೆ ಯಾವ ಅಧ್ಯಾಯದಲ್ಲಿ, ಯಾರ ಬಾಯಿಂದ ಗೊತ್ತಾಗಬೇಕು ಅನ್ನುವುದರಲ್ಲಿ ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಮುಂದಿನ ಪುಸ್ತಕಕ್ಕೆ ಬೇಕು. ಸಂಪಾದಕರಿಗೆ ಕೊಟ್ಟ ದುಡ್ಡು ಅರ್ಧ ವರ್ಷದೊಳಗೆ ಗೌರವಧನದಲ್ಲೇ ವಾಪಸ್ ಬಂತು, ಮೇಲೆ ಸ್ವಲ್ಪ ಉಳಿಯಿತು ಕೂಡ. ಅದೇ ದುಡ್ಡಲ್ಲಿ ಈಗ ಒಬ್ಬ ನರ್ಸ್‌ನ ಕಥೆ ಬರೆಯುತ್ತಿದ್ದೇನೆ. ಅವಳು ವಾರ್ಡ್ ಬಿಟ್ಟು ಹೋಗದೆ ಇರಲು ಇನ್ನೂ ಕಾರಣ ಸಿಕ್ಕಿಲ್ಲ, ರೋಗಿಗಳ ಮೇಲಿನ ಪ್ರೀತಿ ಅಂತ ಮಾತ್ರ ಬರೆಯುವುದಿಲ್ಲ.