ಅತ್ತಿಹಣ್ಣಿನಿಂದ ಆರಂಭವಾದ ಮಳೆಕಾಡಿನ ಪಾಠ

ಚಿಂಚೋಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಮಳೆಕಾಡಿನ ಪಾಠ ಬಂದಾಗಲೆಲ್ಲ ಒಂದೇ ತೊಡಕು ಎದುರಾಗುತ್ತಿತ್ತು. ತೊಗರಿ ಹೊಲಗಳ ನಡುವೆ ಬೆಳೆದ ಮಕ್ಕಳು ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಾಡಿನ ಪ್ರಾಣಿಗಳ ಹೆಸರುಗಳನ್ನು ಬಾಯಿಪಾಠ ಮಾಡುತ್ತಿದ್ದರೇ ಹೊರತು, ಅಲ್ಲಿ ಮರಕ್ಕೂ ಪ್ರಾಣಿಗೂ ಇರುವ ನಂಟು ಅವರಿಗೆ ದಕ್ಕುತ್ತಿರಲಿಲ್ಲ. ಹೀಗಾಗಿ, ನಮ್ಮ ಹಳ್ಳದ ದಂಡೆಯಲ್ಲೂ ಪಶ್ಚಿಮ ಘಟ್ಟದ ಹೊಳೆಯಂಚಿನಲ್ಲೂ ಬೆಳೆಯುವ ಅತ್ತಿಮರದಿಂದಲೇ ಪಾಠ ಆರಂಭಿಸತೊಡಗಿದೆ.

ಕೆಂಪಾಗಲು ತೊಡಗಿದ ಹಣ್ಣನ್ನು ಬ್ಲೇಡಿನಿಂದ ಸೀಳಿದಾಗ ಒಬ್ಬ ಹುಡುಗ, "ಹುಳ ಬಿದ್ದಾವ್ರೀ ಸರ್, ಒಗೀರಿ" ಎಂದ. ಭೂತಗನ್ನಡಿ ಕೊಟ್ಟು ನೋಡಹೇಳಿದೆ. ಕಪ್ಪಗೆ, ರೆಕ್ಕೆಯುಳ್ಳವು ಹೆಣ್ಣು ಕಣಜಗಳು. ಮಾಸಲು ಬಣ್ಣದ, ರೆಕ್ಕೆಯಿಲ್ಲದವು ಗಂಡುಗಳು. ಅತ್ತಿಯ ಹೂಗಳೆಲ್ಲ ಕಾಯಿಯ ಒಳಗೇ ಇರುವುದರಿಂದ ಜೇನುನೊಣಕ್ಕೆ ಅಲ್ಲಿಗೆ ದಾರಿಯಿಲ್ಲ. ಹೆಣ್ಣು ಕಣಜ ತುದಿಯ ಇಕ್ಕಟ್ಟಾದ ಕಂಡಿಯಲ್ಲಿ ರೆಕ್ಕೆ ಕಳೆದುಕೊಂಡು ನುಸುಳಿ, ಪರಾಗ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಮುಂದಿನ ಪೀಳಿಗೆಯ ಗಂಡುಗಳು ಕೊರೆದ ಸುರಂಗದಿಂದ ಹೆಣ್ಣುಗಳು ಪರಾಗ ಹೊತ್ತು ಬೇರೆ ಮರಕ್ಕೆ ಹಾರುತ್ತವೆ. ಪರಾಗ ಮುಟ್ಟಿಸದೆಯೇ ಹೊರಗಿನಿಂದ ಉದ್ದನೆಯ ಕೊಳವೆ ತೂರಿಸಿ ಮೊಟ್ಟೆಯಿಡುವ ಬೇರೆ ಕಣಜಗಳೂ ಇವೆ. ಅವನ್ನೂ ತೋರಿಸುವುದು ಒಳ್ಳೆಯದು, ಏಕೆಂದರೆ ಕಾಡಿನ ಎಲ್ಲ ನಂಟುಗಳೂ ಕೊಡುಕೊಳ್ಳುವಿಕೆಯವಲ್ಲ.

ಇಷ್ಟು ಕಂಡ ಮೇಲೆ ಮಕ್ಕಳನ್ನು ಮಳೆಕಾಡಿಗೆ ಕರೆದೊಯ್ಯುವುದು ಸುಲಭವಾಯಿತು. ಅತ್ತಿ, ಆಲ, ಬಸರಿಗಳ ಕುಲದಲ್ಲಿ 750ಕ್ಕೂ ಹೆಚ್ಚು ಜಾತಿಗಳಿದ್ದು, ಬಹುಪಾಲಿಗೆ ತಮ್ಮದೇ ಕಣಜಗಳಿವೆ. ಕಣಜದ ಸಂತತಿ ಕಡಿಯದಿರಬೇಕಾದರೆ ಕಾಡಿನಲ್ಲಿ ಒಂದಲ್ಲ ಒಂದು ಮರ ಕಾಯಿ ಬಿಡುತ್ತಲೇ ಇರಬೇಕು. ಹಾಗೆ ಬಿಡುವುದರಿಂದಲೇ ಬೇರೆ ಹಣ್ಣಿಲ್ಲದ ದಿನಗಳಲ್ಲಿ ಮಂಗಟ್ಟೆ ಹಕ್ಕಿಗೂ ಸಿಂಗಳೀಕಕ್ಕೂ ಆಹಾರ ದೊರೆಯುತ್ತದೆ. ಮಂಗಟ್ಟೆ ನುಂಗಿದ ಬೀಜ ದೂರದಲ್ಲಿ ಬಿದ್ದು ಮೊಳೆಯುತ್ತದೆ. ಅದು ಗೂಡು ಮಾಡುವುದು ಹಳೆಯ ದೊಡ್ಡ ಮರದ ಪೊಟರೆಯಲ್ಲಿ. ಒಳಗೆ ಸೇರಿ ಬಾಗಿಲು ಮುಚ್ಚಿಕೊಂಡ ಹೆಣ್ಣಿಗೆ ಗಂಡು ಸಣ್ಣ ಸೀಳಿನ ಮೂಲಕ ಹಣ್ಣು ಉಣಿಸುತ್ತದೆ. ಹಳೆಯ ಮರಗಳನ್ನು ಕಡಿದರೆ ಹಕ್ಕಿಗೆ ನೆಲೆಯಿಲ್ಲ, ಹಕ್ಕಿ ಹೋದರೆ ಬೀಜ ದೂರ ಹೋಗುವುದಿಲ್ಲ ಎಂಬುದನ್ನು ನಾನು ಹೇಳುವ ಮೊದಲೇ ಮಕ್ಕಳು ಹೇಳಿದರು.

ಈ ಪಾಠ ಮಾಡಬಯಸುವ ಶಿಕ್ಷಕರು ತೂತು ಬೀಳದ, ಆಗತಾನೇ ಬಣ್ಣ ತಿರುಗುತ್ತಿರುವ ಹಣ್ಣುಗಳನ್ನು ಗಾಜಿನ ಬಾಟಲಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ತರಗತಿಯಲ್ಲೇ ಇರಿಸಬೇಕು. ಕಣಜಗಳು ಹೊರಬಂದ ಬಳಿಕ ಬಾಟಲಿಯನ್ನು ಅತ್ತಿಮರದ ಕೆಳಗೆ ತೆರೆಯಬೇಕು. ಅವುಗಳ ಆಯುಷ್ಯ ಬಹಳ ಕಡಿಮೆ.